ಗೃಹಲಕ್ಷ್ಮಿ ಅತ್ತೆಗೆ ಬಂತು, ಬಸುರಿ ಸೊಸೆಗೆ ಏನು ಬಂತು? (ಚರ್ಚೆ)

ಕೊಪ್ಪದ ಹುಡುಗಿ
ಗ್ಯಾರಂಟಿ ಯೋಜನೆಗಳಿಂದ ಬಡ ಹೆಂಗಸರ ಆರೋಗ್ಯ ಸುಧಾರಿಸಿದೆ ಅಂತ ಈ ಗುಂಪಿನಲ್ಲಿ ಪದೇ ಪದೇ ಬರೆಯುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಗೃಹಲಕ್ಷ್ಮಿ ಬೇಡ ಅನ್ನುವವಳಲ್ಲ ನಾನು. ಆದರೆ ಬಸುರಿ, ಬಾಣಂತಿಯರ ಲೆಕ್ಕವನ್ನು ಬೇರೆ ತೆಗೆದು ನೋಡಿ.

ಗೃಹಲಕ್ಷ್ಮಿಯ ಎರಡು ಸಾವಿರ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅಂದರೆ ಅತ್ತೆ. ಸೊಸೆಯ ಹೆಸರಿಗೆ ಬರುವುದು ಕೇಂದ್ರದ ಮಾತೃವಂದನಾ ಹಣ ಮಾತ್ರ. ಮೊದಲ ಮಗುವಿಗೆ 5,000, ಅದೂ ಎರಡು ಕಂತಿನಲ್ಲಿ. ಎರಡನೇ ಮಗು ಹೆಣ್ಣಾದರೆ 6,000. ಗಂಡಾದರೆ ಏನೂ ಇಲ್ಲ. ಅದೇ 2013ರ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಬಸುರಿ, ಬಾಣಂತಿಯರಿಗೆ 6,000ಕ್ಕೆ ಕಡಿಮೆಯಿಲ್ಲದಂತೆ ಹೆರಿಗೆ ಸಹಾಯ ಕೊಡಬೇಕು ಅಂತ ಬರೆದಿದೆ. ಕಾಯ್ದೆ ಒಂದು ಹೇಳುತ್ತದೆ, ಯೋಜನೆ ಇನ್ನೊಂದು ಕೊಡುತ್ತದೆ.

ಇನ್ನು ಆಸ್ಪತ್ರೆಗೆ ಹೋಗುವ ವಿಷಯ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಕೊಪ್ಪ, ಶೃಂಗೇರಿ, ಕಳಸ, ಎನ್.ಆರ್.ಪುರದ ಒಳಗಿನ ಊರುಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಸರ್ಕಾರಿ ಬಸ್ಸೇ ಕಾಣದ ಊರಿನ ಬಸುರಿಗೆ ಶಕ್ತಿಯಿಂದ ಏನು ಸಿಕ್ಕಿತು?

2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್ ಮಾಡಲು ಹೊರಟರು. ಗಲಾಟೆಯಾದ ಮೇಲೆ ಹಿಂದೆ ಸರಿದರು. ಕಾರ್ಡು ಎಪಿಎಲ್ ಆದರೆ ಅಕ್ಕಿ ಹೋಗುವುದಷ್ಟೇ ಅಲ್ಲ. ಬಿಪಿಎಲ್ ಮನೆಗೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್ ಆದರೆ ಖರ್ಚಿನ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ. ಸುಧಾರಣೆ ಅನ್ನುವ ಮೊದಲು ಇದಕ್ಕೆಲ್ಲ ಉತ್ತರ ಕೊಡಿ.

ಕಡೂರು ತೆಂಗಿನತೋಟ
"ಅಂದರೆ ಅತ್ತೆ" ಅಂತ ಬರೆದಿದ್ದೀರಿ. ಅತ್ತೆ ಅಂದರೆ ಮನೆಯವಳಲ್ವಾ ಮೇಡಂ? ನಮ್ಮ ಮನೆಯಲ್ಲಿ ಅಮ್ಮನ ಖಾತೆಗೆ ಬಂದ ದುಡ್ಡಿನಲ್ಲೇ ನನ್ನ ಹೆಂಡತಿಗೆ ಸ್ಕ್ಯಾನಿಂಗ್ ಮಾಡಿಸಿದ್ದು. ಮೊದಲಾದರೆ ಅದಕ್ಕೆ ನಾನು ಅಡಿಕೆ ಮಂಡಿಯಲ್ಲಿ ಮುಂಗಡ ಕೇಳಬೇಕಿತ್ತು. ಸೊಸೆ ಬಸುರಿ ಅಂದರೆ ನಮ್ಮ ಕಡೆ ಅತ್ತೆಯೇ ಮೊಟ್ಟೆ, ಹಾಲು ತರಿಸುತ್ತಾಳೆ. ಮನೆ ಮನೆಗೆ ಜಗಳ ಹಚ್ಚುವ ಮಾತು ಬೇಡ.

ಮೂಡಿಗೆರೆ ಪ್ಲಾಂಟರ್
"ಬೇಡ ಅನ್ನುವವಳಲ್ಲ" ಅನ್ನುವ ಮಾತಿನಲ್ಲೇ ತಪ್ಪಿದೆ. ಬೇಡ ಅನ್ನಬೇಕು. ಎರಡು ಸಾವಿರ ಬಂದ ಮೇಲೆ ಕಾಫಿ ಕೊಯ್ಲಿಗೆ ಆಳು ಸಿಗುವುದು ಕಷ್ಟವಾಗಿದೆ. ಪುಕ್ಕಟೆ ಬಸ್ಸು ಬಂದ ಮೇಲೆ ಖಾಸಗಿ ಬಸ್ಸುಗಳು ಒಂದೊಂದೇ ನಿಂತವು. ಕೊಪ್ಪದ ಸಹಕಾರ ಸಾರಿಗೆಯೇ ಮುಚ್ಚಿ ಹೋಯಿತು. ಈಗ ಬಸುರಿಗೆ ಬಸ್ಸಿಲ್ಲ ಅಂತ ಅಳುತ್ತೀರಿ. ಬಸ್ಸು ನಿಲ್ಲಿಸಿದ್ದೇ ಈ ಶಕ್ತಿ.

ಹಳೇ ಕಂಡಕ್ಟರ್
ಸಾರ್, ಸಹಕಾರ ಸಾರಿಗೆ ನಿಂತದ್ದು 2020ರ ಫೆಬ್ರುವರಿ. ಶಕ್ತಿ ಬಂದದ್ದು 2023ರ ಜೂನ್. ಮೂರು ವರ್ಷ ಆಮೇಲೆ ಬಂದ ಯೋಜನೆ ಮೊದಲೇ ನಿಂತ ಬಸ್ಸನ್ನು ನಿಲ್ಲಿಸುವುದು ಹೇಗೆ?

ಆಶಾ ಅಕ್ಕ, ಮೂಡಿಗೆರೆ ತಾಲ್ಲೂಕು
ನಾನು ಆಶಾ ಕಾರ್ಯಕರ್ತೆ. ಮೇಲೆ ಕೊಪ್ಪದ ತಂಗಿ ಬರೆದದ್ದರಲ್ಲಿ ಒಂದು ಬಿಟ್ಟುಹೋಗಿದೆ. ಬಿಪಿಎಲ್ ಹೆಂಗಸು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಹಣ ಇದೆ, ಹಳ್ಳಿಯವರಿಗೆ 700. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ ಅಂತ 2011ರಿಂದ ನಿಯಮ ಇದೆ. ಅದಕ್ಕೆ ಯಾವ ಕಾರ್ಡೂ ಬೇಕಾಗಿಲ್ಲ. ಮನೆಗೆ ಬಿಡಲು ನಗು-ಮಗು ಗಾಡಿ ಇದೆ. ಇದು ಗೊತ್ತಿಲ್ಲದೆ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋದವರನ್ನು ನೋಡಿದ್ದೇನೆ.

ಕಷ್ಟ ಇರುವುದು ಹೆರಿಗೆಯ ದಿನ ಅಲ್ಲ. ಅವತ್ತು 108 ಬರುತ್ತದೆ, ಎಲ್ಲರೂ ಓಡಾಡುತ್ತಾರೆ. ಕಷ್ಟ ಇರುವುದು ಅದಕ್ಕೆ ಮೊದಲಿನ ತಿಂಗಳುಗಳಲ್ಲಿ. ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ಇರುತ್ತದೆ. ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ ಅದಕ್ಕೆ ಬರಬೇಕಾದರೆ ಅವತ್ತಿನ ಕೂಲಿ ಬಿಡಬೇಕು, ಎರಡು ಬಸ್ಸು ಹತ್ತಬೇಕು, ಎರಡರಲ್ಲೂ ಟಿಕೆಟ್ ತೆಗೆಯಬೇಕು. ಒಂದು ತಿಂಗಳು ಬರುತ್ತಾಳೆ, ಮುಂದಿನ ತಿಂಗಳು ಬರುವುದಿಲ್ಲ. ರಕ್ತದ ಅಂಶ (ಹಿಮೋಗ್ಲೋಬಿನ್) ಏಳಕ್ಕಿಂತ ಕೆಳಗೆ ಇಳಿದಿದೆ ಅಂತ ಗೊತ್ತಾಗುವ ಹೊತ್ತಿಗೆ ಎಂಟು ತಿಂಗಳು ತುಂಬಿರುತ್ತದೆ. ಕಬ್ಬಿಣದ ಮಾತ್ರೆ ನಾನು ಮನೆಗೇ ಕೊಟ್ಟು ಬರುತ್ತೇನೆ. ಹೊಟ್ಟೆ ತೊಳಸುತ್ತದೆ ಅಂತ ಅರ್ಧ ಜನ ನುಂಗುವುದಿಲ್ಲ. ಡಾಕ್ಟರು ನೋಡಿ ಬೇರೆ ಮಾತ್ರೆ ಕೊಡಬೇಕು, ಇಲ್ಲಾ ಇಂಜೆಕ್ಷನ್ ಹಾಕಬೇಕು. ಅದಕ್ಕೆ ಮತ್ತೆ ಬಸ್ಸು ಹತ್ತಬೇಕು.

ಮೂಡಿಗೆರೆ ಪ್ಲಾಂಟರ್
ಕಂಡಕ್ಟರೇ, ತಾರೀಖು ಹಿಡಿದು ಜೋತು ಬೀಳಬೇಡಿ. ನಾನು ಹೇಳಿದ್ದು ಒಟ್ಟಾರೆ ಖಾಸಗಿ ಬಸ್ಸಿನ ಬಗ್ಗೆ. ಸಹಕಾರ ಸಾರಿಗೆ ಮೊದಲೇ ಸೊರಗಿತ್ತು, ಅದು ಯೂನಿಯನ್ ಕಾಟದಿಂದ. ಉಳಿದವರನ್ನು ಶಕ್ತಿ ಮುಗಿಸಿತು. ಹೆಂಗಸರು ಸರ್ಕಾರಿ ಬಸ್ಸಿಗೇ ಕಾದು ಹತ್ತಿದರೆ ಖಾಸಗಿಯವನು ಡೀಸೆಲ್ ಎಲ್ಲಿಂದ ಹಾಕಬೇಕು?

ಹಳೇ ಕಂಡಕ್ಟರ್
"ಯೂನಿಯನ್ ಕಾಟ" ಅಂದಿರಲ್ಲ, ಈ ಮಾತನ್ನು ನಾನು ಬಿಡುವುದಿಲ್ಲ. ಸಹಕಾರ ಸಾರಿಗೆಯನ್ನು 1991ರಲ್ಲಿ ಕಟ್ಟಿದವರೇ ಕಾರ್ಮಿಕರು. ಕಂಪನಿ ಮುಚ್ಚಿದಾಗ ಡ್ರೈವರು, ಕಂಡಕ್ಟರುಗಳೇ ಸೇರಿ ಸೊಸೈಟಿ ಮಾಡಿ ಬಸ್ಸು ಓಡಿಸಿದರು. ಡ್ರೈವರೇ ಷೇರುದಾರ. ಸರ್ಕಾರಿ ಬಸ್ಸು ಮುಖ ತೋರಿಸದ ಊರಿಗೆಲ್ಲ ಮಳೆಗಾಲದಲ್ಲೂ ಹೋಗುತ್ತಿದ್ದ ಬಸ್ಸು ಅದು. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಬಸುರಿಯರನ್ನು, ಶಾಲೆ ಮಕ್ಕಳನ್ನು ಕರೆದುಕೊಂಡು ಬರುತ್ತಿತ್ತು. ಡೀಸೆಲ್ ಬೆಲೆ, ತೆರಿಗೆ, ರಿಪೇರಿ ಖರ್ಚು ಸೇರಿ ಮುಳುಗಿಸಿದವು. ಸರ್ಕಾರ ಕೈ ಹಿಡಿಯಲಿಲ್ಲ. ಸಂಬಳ ಇಲ್ಲದೆ ದುಡಿದವರ ಮೇಲೆ ಗೂಬೆ ಕೂರಿಸಬೇಡಿ.

ಹಾಸನದ ಮೇಷ್ಟ್ರು
ಬಸ್ಸಿನ ಮಾತು ಆಮೇಲೆ. ಅಂಕಿ ಅಂಶ ನೋಡೋಣ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2015-17ರಲ್ಲಿ 97 ಇತ್ತು, 2018-20ಕ್ಕೆ 69 ಆಯಿತು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆ ಶೇ. 97. ಯೋಜನೆಗಳು ಕೆಲಸ ಮಾಡಿವೆ ಅನ್ನುವುದಕ್ಕೆ ಇನ್ನೇನು ಬೇಕು?

ಕೊಪ್ಪದ ಹುಡುಗಿ
ಮೇಷ್ಟ್ರೇ, ಅದೇ ಸಮೀಕ್ಷೆಯ ಇನ್ನೊಂದು ಸಾಲು ಓದಿ. ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೇ ಸಮೀಕ್ಷೆಯಲ್ಲಿ ಶೇ. 44.8 ಇತ್ತು, ಐದನೆಯದರಲ್ಲಿ ಶೇ. 47.8 ಆಗಿದೆ. ಕಡಿಮೆ ಆಗಬೇಕಾದದ್ದು ಜಾಸ್ತಿ ಆಗಿದೆ. ಆಸ್ಪತ್ರೆಯಲ್ಲಿ ಹೆತ್ತರೆ ಸಾಕು ಅಂತಲ್ಲ, ಯಾವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದಳು ಅನ್ನುವುದೂ ಮುಖ್ಯ.

ಕಡೂರು ತೆಂಗಿನತೋಟ
ಆ ಸಮೀಕ್ಷೆ 2019-21ರದ್ದು ಮೇಡಂ. ಗ್ಯಾರಂಟಿ ಬಂದದ್ದು 2023. ಗ್ಯಾರಂಟಿ ತಪ್ಪು ಅಂತ ತೋರಿಸಲು ಗ್ಯಾರಂಟಿಗೆ ಮೊದಲಿನ ಅಂಕಿ ತಂದಿದ್ದೀರಿ.

ಕೊಪ್ಪದ ಹುಡುಗಿ
ಮೇಷ್ಟ್ರು ತಂದದ್ದೂ ಅದೇ ಕಾಲದ ಅಂಕಿ. ಅವರನ್ನು ಯಾಕೆ ಕೇಳಲಿಲ್ಲ?

ಹಾಸನದ ಮೇಷ್ಟ್ರು
ನಾನು ಗ್ಯಾರಂಟಿ ಅಂತ ಎಲ್ಲಿ ಹೇಳಿದೆ? "ಯೋಜನೆಗಳು" ಅಂದೆ. ನಮ್ಮ ಜಿಲ್ಲೆಯವರೇ ಮುಖ್ಯಮಂತ್ರಿ ಆಗಿದ್ದಾಗ, 2018ರಲ್ಲಿ, ಮಾತೃಶ್ರೀ ಅಂತ ಬಂತು. ಬಿಪಿಎಲ್ ಬಸುರಿಯರಿಗೇ ನೇರವಾಗಿ 6,000. ಹೆರಿಗೆಗೆ ಮೊದಲು ಮೂರು ತಿಂಗಳು, ಆಮೇಲೆ ಮೂರು ತಿಂಗಳು, ತಿಂಗಳಿಗೆ ಸಾವಿರ. ಅದನ್ನು ಮುಂದುವರಿಸಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಕುಮಾರಣ್ಣನ ಯೋಜನೆ ಅಂತ ಹೇಳಿ ಬಿಟ್ಟರು.

ಕಡೂರು ತೆಂಗಿನತೋಟ
ಬಂತು ನೋಡಿ ಹಾಸನದ ಪಕ್ಷ!

ಹಾಸನದ ಮೇಷ್ಟ್ರು
ಪಕ್ಷದ ಮಾತಲ್ಲ. ಹೊಟ್ಟೆಯಲ್ಲಿ ಮಗು ಇದ್ದವಳಿಗೇ ಹಣ ಹೋಗುತ್ತಿತ್ತು ಅನ್ನುವುದು ವಿಷಯ. ಇಲ್ಲಿ ಮೊದಲು ಕೇಳಿದ ಪ್ರಶ್ನೆಯೂ ಅದೇ.

ಮೂಡಿಗೆರೆ ಪ್ಲಾಂಟರ್
"ಸರ್ಕಾರ ಕೈ ಹಿಡಿಯಲಿಲ್ಲ" ಅಂತ ಕಂಡಕ್ಟರು ಬರೆದಿದ್ದಾರೆ. ಸರ್ಕಾರ ಯಾಕೆ ಹಿಡಿಯಬೇಕು? ನಷ್ಟದಲ್ಲಿ ನಡೆಯುವ ಬಸ್ಸಿಗೆ ನನ್ನ ತೆರಿಗೆ ಯಾಕೆ? ಕಾಫಿಗೆ ರೇಟು ಬಿದ್ದಾಗ ನಮ್ಮ ಕೈ ಯಾರು ಹಿಡಿದರು?

ಹಳೇ ಕಂಡಕ್ಟರ್
ನಷ್ಟದಲ್ಲಿ ನಡೆದದ್ದು ಒಳಗಿನ ಊರಿಗೆ ಹೋದದ್ದಕ್ಕೆ. ಲಾಭ ಬರುವ ರೂಟು ಮಾತ್ರ ಓಡಿಸಿದ್ದರೆ ಇವತ್ತೂ ಇರುತ್ತಿತ್ತು. ಈಗ ಏನಾಗಿದೆ ಹೇಳುತ್ತೇನೆ. ಒಳಗಿನ ಊರಿಗೆ ಖಾಸಗಿಯವರ ಒಂದು ಟ್ರಿಪ್ಪು ಬೆಳಿಗ್ಗೆ, ಒಂದು ಸಂಜೆ. ಮಧ್ಯೆ ಏನೂ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಸಿಗುವುದು ಹತ್ತು ಗಂಟೆಗೆ, ಕೆಲಸ ಮುಗಿಯುವುದು ಹನ್ನೆರಡಕ್ಕೆ. ಆರು ತಿಂಗಳ ಬಸುರಿ ಸಂಜೆಯವರೆಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಾಳೆ. ನಾನು ಕಣ್ಣಾರೆ ಕಂಡವನು.

ಕಡೂರು ತೆಂಗಿನತೋಟ
ಅದಕ್ಕೆ ಶಕ್ತಿಯನ್ನು ಬೈಯುವುದು ಯಾಕೆ? ಕಡೂರು, ಬೀರೂರು, ತರೀಕೆರೆ, ಅರಸೀಕೆರೆ ಕಡೆ ಬಂದು ನೋಡಿ. ಹೆಂಗಸರು ಒಂದು ಪೈಸೆ ಇಲ್ಲದೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆ. 2025ರ ಜುಲೈಗೆ ರಾಜ್ಯದಲ್ಲಿ 500 ಕೋಟಿ ಉಚಿತ ಟಿಕೆಟ್ ದಾಟಿತು. ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ಆಸ್ಪತ್ರೆಗೆ ಹೋಗುವುದು ಸಣ್ಣ ವಿಷಯವಾ?

ಕೊಪ್ಪದ ಹುಡುಗಿ
500 ಕೋಟಿಯಲ್ಲಿ ಕಳಸದ ಒಳಗಿನ ಊರಿನವರ ಟಿಕೆಟ್ ಎಷ್ಟು? ಬಯಲುಸೀಮೆಯ ಲೆಕ್ಕ ತಂದು ಮಲೆನಾಡಿನ ಮೇಲೆ ಹೊದಿಸಬೇಡಿ.

ಕಡೂರು ತೆಂಗಿನತೋಟ
ಬಯಲುಸೀಮೆಯವರು ಹೆಂಗಸರಲ್ವಾ?

ಡಾಲಸ್ ಸಕಲೇಶಪುರ
ನಾನು ಊರು ಬಿಟ್ಟು ಬಹಳ ವರ್ಷವಾದರೂ ಇಲ್ಲಿ ಓದುತ್ತಿರುತ್ತೇನೆ. ನೀವೆಲ್ಲ ಎಷ್ಟು ಕೊಡಬೇಕು ಅಂತ ಮಾತಾಡುತ್ತಿದ್ದೀರಿ. ಹೇಗೆ ನಿಲ್ಲಿಸಬೇಕು ಅಂತ ಯಾರೂ ಕೇಳುತ್ತಿಲ್ಲ. ಅಮೆರಿಕದಲ್ಲಿ 1996ರ ಆಗಸ್ಟಿನಲ್ಲಿ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದರು. ಬಡ ತಾಯಂದಿರಿಗೆ ಕೊಡುವ ಹಣಕ್ಕೆ ಕೆಲಸದ ಷರತ್ತು ಹಾಕಿದರು. ಕೇಂದ್ರದ ದುಡ್ಡಿನಲ್ಲಿ ಒಟ್ಟು ಐದು ವರ್ಷ ಮಾತ್ರ ಅಂತ ಮಿತಿ ಇಟ್ಟರು. ಕೆಲವೇ ವರ್ಷದಲ್ಲಿ ಹಣ ಪಡೆಯುವ ಕುಟುಂಬಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ತುಂಬಾ ಹೆಂಗಸರು ದುಡಿಮೆಗೆ ಸೇರಿದರು. ಇದನ್ನು ಸುಧಾರಣೆ ಅನ್ನುತ್ತಾರೆ.

ಮೂಡಿಗೆರೆ ಪ್ಲಾಂಟರ್
ಸರಿಯಾದ ಮಾತು. ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಕೊಪ್ಪದ ಹುಡುಗಿ
ಅರ್ಧ ಕಥೆ ಹೇಳಿದಿರಿ. ಮೆಡಿಕೇಡ್ ಅಂತ ಅಲ್ಲಿ ಬಡವರಿಗೆ ಆರೋಗ್ಯ ಯೋಜನೆ ಇದೆ. 1996ಕ್ಕೆ ಮೊದಲು ತಾಯಿಗೆ ಹಣ ಬರುತ್ತಿದ್ದರೆ ಮೆಡಿಕೇಡ್ ಕೂಡ ಜೊತೆಗೇ ಇರುತ್ತಿತ್ತು. ಹೊಸ ಕಾನೂನು ಎರಡನ್ನೂ ಬಿಡಿಸಿತು. ಹಣ ನಿಂತರೂ ಮೆಡಿಕೇಡ್‌ಗೆ ಅರ್ಹತೆ ಇದ್ದವರು ತುಂಬಾ ಇದ್ದರು. ಆದರೂ ಎಷ್ಟೋ ತಾಯಂದಿರ ಆರೋಗ್ಯ ಕಾರ್ಡು ಹಣದ ಜೊತೆಗೇ ನಿಂತು ಹೋಯಿತು. ದುಡಿಮೆಗೆ ಸೇರಿದರು ಅಂದಿರಿ, ಆ ಕೆಲಸಗಳಲ್ಲಿ ಎಷ್ಟೋ ಕಡೆ ವಿಮೆ ಇರಲಿಲ್ಲ. ಸಂಖ್ಯೆ ಇಳಿಯಿತು ಅಂದರೆ ಬಡತನ ಅಷ್ಟೇ ಇಳಿಯಿತು ಅಂತಲ್ಲ.

ಇನ್ನೊಂದು. ಹಣ ಪಡೆಯುವ ಹೆಂಗಸಿಗೆ ಮತ್ತೆ ಮಗುವಾದರೆ ಆ ಮಗುವಿಗೆ ಹೆಚ್ಚು ಹಣ ಕೊಡುವುದಿಲ್ಲ ಅಂತ ಕೆಲವು ರಾಜ್ಯಗಳು ನಿಯಮ ಮಾಡಿದವು. ನ್ಯೂಜೆರ್ಸಿ ಮೊದಲು ಮಾಡಿತು. ಕ್ಯಾಲಿಫೋರ್ನಿಯಾ ಹಾಗೆ ಮಾಡಿ ಕೊನೆಗೆ 2016ರಲ್ಲಿ ತೆಗೆದು ಹಾಕಿತು. ನಮ್ಮ ಮಾತೃವಂದನಾದಲ್ಲಿ ಎರಡನೇ ಗಂಡು ಮಗುವಿಗೆ ಹಣ ಇಲ್ಲ, ಮೂರನೆಯದು ಗಂಡಾದರೂ ಹೆಣ್ಣಾದರೂ ಇಲ್ಲ. ಮಗು ಹುಟ್ಟಿದ್ದಕ್ಕೆ ತಾಯಿಯ ಊಟ ಕಡಿತ ಮಾಡುವುದು ಅಲ್ಲೂ ತಪ್ಪು, ಇಲ್ಲೂ ತಪ್ಪು.

ಡಾಲಸ್ ಸಕಲೇಶಪುರ
ಕ್ಯಾಲಿಫೋರ್ನಿಯಾ ಇಡೀ ಅಮೆರಿಕ ಅಲ್ಲ. ನಾನು ಇರುವುದು ಟೆಕ್ಸಾಸ್.

ಹಳೇ ಕಂಡಕ್ಟರ್
ಟೆಕ್ಸಾಸಿನಿಂದ ಕೊಪ್ಪಕ್ಕೆ ಬಸ್ಸಿಲ್ಲ ಸ್ವಾಮಿ. ನಮ್ಮ ಊರಿನ ಮಾತಾಡಿ. ಪ್ಲಾಂಟರ್ ಸಾಹೇಬರು "ಆಳು ಸಿಗುವುದು ಕಷ್ಟ" ಅಂದರಲ್ಲ. ನಿಮ್ಮ ಲೈನ್ ಮನೆಯಲ್ಲಿ ಈಗ ಇರುವವರು ಯಾರು? ಅಸ್ಸಾಮಿನಿಂದ ಬಂದವರಲ್ವಾ? ಅವರಿಗೆ ಗೃಹಲಕ್ಷ್ಮಿ ಇಲ್ಲ. ಶಕ್ತಿ ಇಲ್ಲ, ಅದು ಕರ್ನಾಟಕದ ಹೆಂಗಸರಿಗೆ ಮಾತ್ರ. ಆ ಬಸುರಿಯ ಗತಿ ಏನು?

ಮೂಡಿಗೆರೆ ಪ್ಲಾಂಟರ್
ನನ್ನ ಲೈನ್ ಮನೆಗೆ ಕೈ ಹಾಕಬೇಡಿ. ತೋಟದ ಕಾಯ್ದೆ ಪ್ರಕಾರ ಏನು ಕೊಡಬೇಕೋ ಕೊಡುತ್ತೇನೆ. ಮನೆ, ನೀರು, ಕರೆಂಟು ಎಲ್ಲ ಕೊಟ್ಟಿದ್ದೇನೆ. ಹುಷಾರಿಲ್ಲ ಅಂದರೆ ನನ್ನ ಜೀಪಿನಲ್ಲೇ ಮೂಡಿಗೆರೆಗೆ ಕಳಿಸುತ್ತೇನೆ. ಇಲ್ಲಿ ಕೂತು ಟೈಪ್ ಮಾಡುವವರು ಎಷ್ಟು ಜನ ಒಬ್ಬ ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೀರಿ?

ಆಶಾ ಅಕ್ಕ, ಮೂಡಿಗೆರೆ ತಾಲ್ಲೂಕು
ನಾನು ಹೋಗಿದ್ದೇನೆ ಸಾರ್. ಅದೇ ನನ್ನ ಕೆಲಸ.

ತೋಟದ ಕಾಯ್ದೆ ಅಂದಿರಿ. 1951ರ ಆ ಕಾಯ್ದೆ 2025ರ ನವೆಂಬರಿನ ತನಕ ಇತ್ತು, ಬರುತ್ತಿದ್ದದ್ದು ಐದು ಹೆಕ್ಟೇರ್ ಮತ್ತು ಹದಿನೈದು ಆಳು ಇರುವ ತೋಟಕ್ಕೆ. ನಮ್ಮ ಕಡೆ ಹೆಚ್ಚಿನವರು ಸಣ್ಣ ಬೆಳೆಗಾರರು, ಅವರಿಗೆ ಅನ್ವಯವೇ ಆಗುತ್ತಿರಲಿಲ್ಲ. ದೊಡ್ಡ ತೋಟದಲ್ಲಿ ಹೆರಿಗೆ ರಜೆಗೆ ಸಂಬಳ ಕೊಡಬೇಕು ಅಂತ ಕಾನೂನಿದೆ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಆ ತೋಟದಲ್ಲಿ ದುಡಿದಿರಬೇಕು. ಮೇಸ್ತ್ರಿ ಕರೆತಂದವರು ಕೊಯ್ಲಿಗೆ ಇಲ್ಲಿ, ಮೆಣಸಿಗೆ ಅಲ್ಲಿ ಅಂತ ತೋಟ ತೋಟ ಬದಲಾಯಿಸುತ್ತಾರೆ. ಯಾರ ಹಾಜರಿ ಪುಸ್ತಕದಲ್ಲೂ ಅವರ 80 ದಿನ ತುಂಬುವುದಿಲ್ಲ.

ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡು ಮಾಡಿಸಲು ಎಲ್ಲಿಯವರಾದರೂ ಬರಬಹುದು. ಅವರು ಬರುವುದಿಲ್ಲ, ಯಾಕೆಂದರೆ ಭಾಷೆ ಬರುವುದಿಲ್ಲ, ಹೆದರಿಕೆ. ಏಳು ತಿಂಗಳಾದ ಮೇಲೆ ನನ್ನ ಕಣ್ಣಿಗೆ ಬೀಳುತ್ತಾರೆ. ಅಷ್ಟು ಹೊತ್ತಿಗೆ ಮೊದಲ ಸ್ಕ್ಯಾನಿಂಗಿನ ಕಾಲ ಮುಗಿದಿರುತ್ತದೆ.

ಇಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ಇದೆ. ಬೇಡದ ಬಸಿರು. ಎರಡು ಮಕ್ಕಳಾದ ಮೇಲೆ ಮತ್ತೆ ನಿಂತರೆ ಹೆಂಗಸರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಚೀಟಿ ಇಲ್ಲದೆ ಮಾತ್ರೆ ತಂದು ನುಂಗುತ್ತಾರೆ. ರಕ್ತ ಹೋಗಿ ಹೋಗಿ ಸುಸ್ತಾದ ಮೇಲೆ ನನಗೆ ಫೋನು ಬರುತ್ತದೆ. ಕಾನೂನು ಅವರ ಪರ ಇದೆ. 2021ರ ತಿದ್ದುಪಡಿ ಪ್ರಕಾರ 20 ವಾರದ ತನಕ ಗರ್ಭಪಾತಕ್ಕೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಮದುವೆ ಆಗದವರಿಗೂ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ವಯಸ್ಸಿಗೆ ಬಂದ ಹೆಂಗಸಿಗೆ ಗಂಡನ ಸಹಿ ಬೇಕಾಗಿಲ್ಲ. ಆದರೆ ಗಂಡನನ್ನು ಕರೆದುಕೊಂಡು ಬಾ ಅಂತ ಹಿಂದೆ ಕಳಿಸಿದರೆ ಅವಳು ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಸೀದಾ ಮೆಡಿಕಲ್ ಶಾಪಿಗೇ ಹೋಗುತ್ತಾಳೆ.

ಕುಟುಂಬ ಯೋಜನೆ ಅಂದರೂ ಆಪರೇಷನ್ ಆಗುವುದು ಅವಳಿಗೇ. ಮೇಷ್ಟ್ರು ಹೇಳಿದ ಐದನೇ ಸಮೀಕ್ಷೆಯಲ್ಲೇ ಇದೆ, ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 57.4 ಜನರಿಗೆ ಆಪರೇಷನ್ ಆಗಿದೆ. ಗಂಡಸರದ್ದು ಸೊನ್ನೆಯ ಹತ್ತಿರ. ರಕ್ತ ಕಡಿಮೆ ಇರುವ ಹೆಂಗಸನ್ನೇ ಮಲಗಿಸುತ್ತಾರೆ, ಗಟ್ಟಿ ಇರುವ ಗಂಡಸು ಹೊರಗೆ ಬೀಡಿ ಸೇದುತ್ತಾ ಕೂತಿರುತ್ತಾನೆ.

ಕಡೂರು ತೆಂಗಿನತೋಟ
"ಬೀಡಿ ಸೇದುತ್ತಾ" ಅಂತ ಎಲ್ಲ ಗಂಡಸರನ್ನೂ ಒಂದೇ ಮಾಡಬೇಡಿ ಅಕ್ಕ. ತೋಟದ ಕೆಲಸ, ಭಾರ ಹೊರುವುದು ಅಂತ ಗಂಡಸರಿಗೆ ಹೆದರಿಕೆ ಇರುತ್ತದೆ.

ಆಶಾ ಅಕ್ಕ, ಮೂಡಿಗೆರೆ ತಾಲ್ಲೂಕು
ಕಾಫಿ ಮೂಟೆ ಹೆಂಗಸರೂ ಹೊರುತ್ತಾರೆ ಅಣ್ಣ. ಗಂಡಸರದ್ದು ಹೊಲಿಗೆ ಕೂಡ ಇಲ್ಲದ ಸಣ್ಣ ಆಪರೇಷನ್. ಅವತ್ತೇ ಮನೆಗೆ ಬರಬಹುದು.

ಹಾಸನದ ಮೇಷ್ಟ್ರು
ಕುಟುಂಬದ ಖಾಸಗಿ ವಿಷಯಗಳನ್ನು ಇಲ್ಲಿ ಇಷ್ಟು ಬಿಚ್ಚಿ ಬರೆಯಬೇಕಾ? ಚರ್ಚೆ ಇದ್ದದ್ದು ಸರ್ಕಾರದ ಹಣದ ಬಗ್ಗೆ.

ಕೊಪ್ಪದ ಹುಡುಗಿ
ಬಿಚ್ಚಿ ಬರೆಯದೆ ಇರುವುದರಿಂದಲೇ ಹೆಂಗಸರು ಮಾತ್ರೆ ನುಂಗಿ ಸಾಯುವ ಸ್ಥಿತಿಗೆ ಹೋಗುತ್ತಿರುವುದು. ಅಕ್ಕ ಬರೆದದ್ದಷ್ಟೇ ಈ ಚರ್ಚೆಯಲ್ಲಿ ಆರೋಗ್ಯದ ಮಾತು. ನೀವು ಹೇಳಿ ಮೇಷ್ಟ್ರೇ, 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರಲ್ಲ, ಅದೂ ಖಾಸಗಿ ವಿಷಯವಾ? ಅವರಿಗೆ ಹಾಕಿದ ಡ್ರಿಪ್ ಬಾಟ್ಲಿಯ ಗುಣಮಟ್ಟದ ಬಗ್ಗೆ ರಾಜ್ಯವೆಲ್ಲ ಮಾತಾಡಿತು. ಆಸ್ಪತ್ರೆ ಹೆರಿಗೆ ಶೇ. 97 ಆದ ಮೇಲೆ ಆಸ್ಪತ್ರೆಯೊಳಗೆ ಏನು ಕೊಡುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ.

ಹಾಸನದ ಮೇಷ್ಟ್ರು
ಬಳ್ಳಾರಿ ನಮ್ಮ ಜಿಲ್ಲೆಯಲ್ಲ. ಹಾಸನದ ನಮ್ಮ ಹಿಮ್ಸ್ ಆಸ್ಪತ್ರೆಯಲ್ಲಿ ಸಕಲೇಶಪುರ, ಆಲೂರು, ಬೇಲೂರಿನಿಂದ ಬಂದ ಎಷ್ಟೋ ಕಷ್ಟದ ಹೆರಿಗೆ ಮಾಡಿಸಿ ಕಳಿಸಿದ್ದಾರೆ. ಅದನ್ನೂ ಹೇಳಿ.

ಮೂಡಿಗೆರೆ ಪ್ಲಾಂಟರ್
ಬಸ್ಸಿನ ವಿಷಯಕ್ಕೆ ಉತ್ತರ ಬಂದಿಲ್ಲ. ಖಾಸಗಿ ಬಸ್ಸು ಶಕ್ತಿಯಿಂದ ನಿಂತಿತಾ ಇಲ್ಲವಾ, ಅಷ್ಟೇ ಹೇಳಿ.

ಹಳೇ ಕಂಡಕ್ಟರ್
ಶಕ್ತಿ ಬಂದ ಮೇಲೆ ಖಾಸಗಿಯವರಿಗೆ ಪೆಟ್ಟು ಬಿದ್ದಿದೆ, ಸರ್ಕಾರಿ ಬಸ್ಸು ಇರುವ ರೂಟಿನಲ್ಲಿ. ನಾನು ಅಲ್ಲ ಅನ್ನುವುದಿಲ್ಲ. ಸರ್ಕಾರಿ ಬಸ್ಸೇ ಇಲ್ಲದ ರೂಟಿನಲ್ಲಿ ಶಕ್ತಿಯಿಂದ ಪೆಟ್ಟು ಹೇಗೆ ಬೀಳುತ್ತದೆ? ಅಲ್ಲಿ ಹೆಂಗಸರು ಇವತ್ತೂ ಟಿಕೆಟ್ ತೆಗೆದೇ ಹತ್ತುತ್ತಾರೆ. ಸಹಕಾರ ಸಾರಿಗೆಗೆ ಮಾತ್ರ ಶಕ್ತಿಯ ಹೆಸರು ಹೇಳಬೇಡಿ. ಮೊದಲ ಕಾಮೆಂಟನ್ನು ತಿದ್ದಿ.

ಮೂಡಿಗೆರೆ ಪ್ಲಾಂಟರ್
ನೋಡಿ, "ಪೆಟ್ಟು ಬಿದ್ದಿದೆ" ಅಂತ ನೀವೇ ಬರೆದಿದ್ದೀರಿ. ನನಗೆ ಅಷ್ಟು ಸಾಕು.

ಹಳೇ ಕಂಡಕ್ಟರ್
ಅರ್ಧ ಸಾಲು ಕಿತ್ತುಕೊಂಡು ಗೆದ್ದೆ ಅಂತ ಹೇಳುವವರ ಜೊತೆ ನಾನು ಮಾತಾಡುವುದಿಲ್ಲ.

ನಿರ್ವಾಹಕ
ಬಸ್ಸಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಮಾತ್ರ ಬರೆಯಿರಿ. ಮತ್ತೆ ಬಸ್ಸಿನ ಕಾಮೆಂಟ್ ಬಂದರೆ ತೆಗೆಯುತ್ತೇನೆ.

ಆಶಾ ಅಕ್ಕ, ಮೂಡಿಗೆರೆ ತಾಲ್ಲೂಕು
ಬಸ್ಸನ್ನು ಬೇರೆ ಮಾಡಬೇಡಿ ಸಾರ್. ನಮ್ಮ ಕಡೆ ಬಸುರಿಯ ಆರೋಗ್ಯದಲ್ಲಿ ಅರ್ಧ ಬಸ್ಸೇ. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಬಂದಾಗಲೂ ಇದೇ ಆಯಿತು. ಬಸುರಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ. ಒಳ್ಳೆಯ ಯೋಜನೆ. ಆದರೆ ಅಲ್ಲಿಗೇ ಬಂದು ಉಣ್ಣಬೇಕು ಅಂದರು. ಜುಲೈ ಮಳೆಯಲ್ಲಿ ತೋಟ ದಾಟಿ, ಹಳ್ಳ ದಾಟಿ ಊಟಕ್ಕೆ ಯಾರು ಬರುತ್ತಾರೆ? ಯೋಜನೆ ಮಾಡಿದವರಿಗೆ ನಮ್ಮ ಊರಿನ ಮನೆಗಳು ಒಂದಕ್ಕೊಂದು ಎಷ್ಟು ದೂರ ಇವೆ ಅನ್ನುವುದು ಗೊತ್ತಿರಲಿಲ್ಲ.

ಇದೆಲ್ಲ ಬರೆಯುವಾಗ ನಮ್ಮನ್ನೂ ನೆನೆಯಿರಿ. 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಮೇಲೆ ನಮಗೆ ತಿಂಗಳಿಗೆ ಹತ್ತು ಸಾವಿರ ಖಾತ್ರಿ ಅಂತ ಮಾತು ಕೊಟ್ಟದ್ದು. ಬಸುರಿಯ ಮನೆಗೆ ನಡೆದು ಹೋಗುವವಳಿಗೇ ಸರಿಯಾಗಿ ಕೊಡದೆ ಬಸುರಿಗೆ ಯೋಜನೆ ಮುಟ್ಟುವುದು ಹೇಗೆ?

ಓದುತ್ತಿರುವ ಹೆಂಗಸರಿಗೆ ಒಂದು ಮಾತು. ಮಾತೃವಂದನಾ ಅರ್ಜಿಗೆ ಈಗ ಗಂಡನ ಆಧಾರ್ ಕಡ್ಡಾಯ ಅಲ್ಲ. ಗಂಡ ಬಿಟ್ಟವರೂ ಹಾಕಬಹುದು. ನಿಮ್ಮ ಆಧಾರ್ ನಿಮ್ಮ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು. ಅತ್ತೆಯ ಖಾತೆ, ಗಂಡನ ಖಾತೆ ನಡೆಯುವುದಿಲ್ಲ. ಅಂಗನವಾಡಿಯಲ್ಲಿ ಇಲ್ಲಾ ನಿಮ್ಮ ಊರಿನ ಆಶಾ ಹತ್ತಿರ ಕೇಳಿ.

ಕಡೂರು ತೆಂಗಿನತೋಟ
"ಅತ್ತೆಯ ಖಾತೆ ನಡೆಯುವುದಿಲ್ಲ" ಅಂದ ಮೇಲೆ ಸೊಸೆಯ ಹಣ ಸೊಸೆಗೇ ಬರುತ್ತಿದೆ ಅಂತಾಯಿತಲ್ವಾ? ಮತ್ತೆ ಮೊದಲ ಪೋಸ್ಟಿನ ದೂರು ಏನು?

ಕೊಪ್ಪದ ಹುಡುಗಿ
ಎರಡು ಕಂತು ಸೇರಿ ಒಟ್ಟು 5,000 ಸೊಸೆಗೆ, ಅಷ್ಟೇ. ತಿಂಗಳಿಗೆ 2,000, ವರ್ಷಕ್ಕೆ 24,000 ಯಜಮಾನಿಗೆ. ಅದರಲ್ಲಿ ಬಸುರಿಯ ಒಂಬತ್ತು ತಿಂಗಳು, ಬಾಣಂತನದ ಆರು ತಿಂಗಳು ಅವಳ ಹೆಸರಿಗೂ ಒಂದು ಪಾಲು ಕೊಡಿ ಅಂತ ಕೇಳುತ್ತಿದ್ದೇನೆ. ಅತ್ತೆಯದನ್ನು ಕಿತ್ತುಕೊಳ್ಳಿ ಅಂತ ಎಲ್ಲೂ ಬರೆದಿಲ್ಲ. ಎರಡನೇ ಮಗು ಗಂಡಾದರೂ ಕೊಡಿ. ಒಳಗಿನ ಊರಿಗೆ ಮಧ್ಯಾಹ್ನದ ಒಂದು ಸರ್ಕಾರಿ ಬಸ್ಸು ಬಿಡಿ.

ಮೂಡಿಗೆರೆ ಪ್ಲಾಂಟರ್
ದುಡ್ಡು ಯಾರಪ್ಪನದ್ದು?

ಆಶಾ ಅಕ್ಕ, ಮೂಡಿಗೆರೆ ತಾಲ್ಲೂಕು
ಪ್ಲಾಂಟರ್ ಸಾರ್, ಜೀಪು ಕಳಿಸುತ್ತೇನೆ ಅಂದಿರಿ. ಹುಷಾರು ತಪ್ಪಿದಾಗ ಬೇಡ. ತಿಂಗಳ 9ಕ್ಕೆ ಕಳಿಸಿ. ನಿಮ್ಮ ಅಕ್ಕಪಕ್ಕದ ತೋಟದ ಲೈನ್ ಮನೆಯವರನ್ನೂ ಅದರಲ್ಲೇ ಕರೆದುಕೊಂಡು ಬರುತ್ತೇನೆ. ಅವತ್ತಿನ ಕೂಲಿ ಹಿಡಿಯಬೇಡಿ.

ಮೂಡಿಗೆರೆ ಪ್ಲಾಂಟರ್
ಜೀಪಿಗೆ ತೊಂದರೆ ಇಲ್ಲ. ಡ್ರೈವರಿಗೆ ಹೇಳುತ್ತೇನೆ. ಕೂಲಿಯ ವಿಷಯ ಇಲ್ಲಿ ಮಾತಾಡುವುದಿಲ್ಲ. ಜೀಪು ಕೊಟ್ಟೆ ಅಂತ ಗ್ಯಾರಂಟಿಯನ್ನು ಒಪ್ಪಿದೆ ಅಂದುಕೊಳ್ಳಬೇಡಿ.

ಹಳೇ ಕಂಡಕ್ಟರ್
ಮೊದಲ ಕಾಮೆಂಟು ಇನ್ನೂ ಹಾಗೇ ಇದೆ. 2020 ಅಂತ ತಿದ್ದಿ.